ಮೂರನೇ ತಿರುವಿನಲ್ಲಿ ಕುಸಿದ ಸದ್ದು

ಗಾರ್ಲಂಡ್ ಟ್ರಿಪ್ಲೆಟ್ ಕಟ್ಟಿದ ಎಂಜಿನ್ ಶುರುವಾದರೆ ಸುತ್ತಲ ಮೂರು ಜಿಲ್ಲೆಯ ಕೋಳಿಗಳು ಬೇಯಿಸಿದ ಮೊಟ್ಟೆಯನ್ನೇ ಇಡುತ್ತಿದ್ದವು ಎಂದು ಬಜರ್ಡ್ ಕ್ರೀಕಿನ ಹಳಬರು ಹೇಳುತ್ತಾರೆ. ಇದರಲ್ಲಿ ಸ್ವಲ್ಪ ಉಪ್ಪುಖಾರ ಸೇರಿದೆ, ಎರಡೇ ಜಿಲ್ಲೆ. ಆದರೆ ನಾರ್ತ್ ಕ್ಯಾರೊಲಿನಾದ ಆ ಗುಡ್ಡಸೀಮೆಯಲ್ಲಿ ರೇಸ್ ಕಾರು ಓಡಿಸುವವರೆಲ್ಲ ಒಂದು ಕಾಲದಲ್ಲಿ ಗಾರ್ಲಂಡನ ಶೆಡ್ಡಿನ ಮುಂದೆ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದರು ಎಂಬುದು ನಿಜ. ಎಪ್ಪತ್ತನಾಲ್ಕರ ಅಕ್ಟೋಬರ್ ಕಳೆದ ಮೇಲೆ ಯಾರೂ ನಿಲ್ಲಲಿಲ್ಲ ಎಂಬುದೂ ಅಷ್ಟೇ ನಿಜ. ಆಮೇಲಿನ ಜೀವನವೆಲ್ಲ ಅವನು ಟ್ರ್ಯಾಕ್ಟರು ಮತ್ತು ಕೋಳಿಫಾರಮ್ಮಿನ ಫ್ಯಾನು ರಿಪೇರಿ ಮಾಡಿಕೊಂಡೇ ಕಳೆದ.

ಆ ಅಕ್ಟೋಬರಿನ ರೇಸನ್ನು ಊರು ಇನ್ನೂ ಮುಗಿಸಿಲ್ಲ. ಮೈದಾನ ಮುಚ್ಚಿ ಎಷ್ಟೋ ಕಾಲವಾಯಿತು. ಟಾರು ಬಿರಿದು ಪೈನ್ ಸಸಿಗಳು ತಲೆ ಎತ್ತಿವೆ, ಟಿಕೆಟ್ ಗೂಡಿನಲ್ಲಿ ಕಣಜದ ಹುಳುಗಳು ಸಂಸಾರ ಹೂಡಿವೆ. ಆದರೂ ವರ್ಷಕ್ಕೊಮ್ಮೆ, ಅಕ್ಟೋಬರಿನ ಒಂದು ಭಾನುವಾರ ಚರ್ಚು ಬಿಟ್ಟ ಮೇಲೆ, ಹಳೆಯ ಅಭಿಮಾನಿಗಳು ಕರಿದ ಕೋಳಿ, ಹಂದಿಮಾಂಸ ತುಂಬಿದ ಬಿಸ್ಕೆಟ್ಟೆಂಬ ಮೆತ್ತನೆಯ ಬನ್ನು, ಸಿಹಿ ಚಹಾದ ಜಾಡಿ ಹೊತ್ತುಕೊಂಡು ಬಂದು ಮುರಿದ ಮೆಟ್ಟಿಲುಗಳ ಮೇಲೆ ಸೇರುತ್ತಾರೆ. ಮೈದಾನದ ನಡುವೆ ದಿಬ್ಬವಿರುವುದರಿಂದ ಇಡೀ ರೇಸನ್ನು ಕಂಡ ಕಣ್ಣು ಊರಿನಲ್ಲಿ ಒಂದೂ ಇಲ್ಲ. ಅದಕ್ಕೇ ಅವರು ಅಂದು ಕೂತಿದ್ದ ತಿರುವಿನ ಕ್ರಮದಲ್ಲೇ ಇಂದೂ ಕೂರುತ್ತಾರೆ. ಮೊದಲ ತಿರುವಿನವರು ಹೇಳಿ ನಿಲ್ಲಿಸಿದಲ್ಲಿಂದ ಎರಡನೆಯವರು ಎತ್ತಿಕೊಳ್ಳುತ್ತಾರೆ. ಮಾತು ಕಾರಿನ ಹಾಗೆ ಸುತ್ತು ಹಾಕುತ್ತದೆ, ಪ್ರತಿ ವರ್ಷವೂ ಕೊಂಚ ಹೆಚ್ಚು ವೇಗದಲ್ಲಿ. ಇದಕ್ಕೆ ಇರುವುದು ಒಂದೇ ಕಟ್ಟಳೆ: ಕಣ್ಣಾರೆ ಕಂಡವರು ಮಾತ್ರ ಬಾಯಿ ತೆರೆಯಬೇಕು.

ಕಥೆ ಇಷ್ಟು. ಊರಿನ ಮಗ ಹಾಯ್ಟ್ ಶೂಮೇಟ್, ಗಾರ್ಲಂಡ್ ಕಟ್ಟಿದ ಎಂಜಿನ್ನಿನ ಕಾರಿನಲ್ಲಿ, ಕೊನೆಯ ಸುತ್ತಿನಲ್ಲಿ ಎಲ್ಲರಿಗಿಂತ ಮುಂದಿದ್ದ. ಮೂರನೇ ತಿರುವಿನಲ್ಲಿ ವರ್ಜೀನಿಯಾದ ಯಾವನೋ ಹುಡುಗನ ಕಾರು ಅಂಚಿನ ಮಣ್ಣಿಗೆ ಇಳಿದು ಗಿರಕಿ ಹೊಡೆದು ಅಡ್ಡ ನಿಂತಿತು. ಧೂಳು ಎದ್ದಿತು. ಧೂಳಿನೊಳಗೆ ಹಾಯ್ಟನ ಎಂಜಿನ್ನಿನ ಸದ್ದು ಕುಸಿಯಿತು. ಅದನ್ನು ಊರಿಗೆ ಊರೇ ಕೇಳಿತು. ಜಾರ್ಜಿಯಾದವನೊಬ್ಬ ಹೊರಗೋಡೆಯ ಪಕ್ಕದಿಂದ ನುಗ್ಗಿ ಗೆದ್ದುಕೊಂಡು ಹೋದ. ಅಂದಿನಿಂದ ಗಾರ್ಲಂಡನಿಗೆ ಚರ್ಚಿನ ಊಟದಲ್ಲೂ ಬಿಡುಗಡೆಯಿಲ್ಲ. "ಗಾರ್ಲಂಡ್ ರಿಪೇರಿ ಮಾಡಿದ ಗಡಿಯಾರ ತಗೋಬ್ಯಾಡ್ರಪ್ಪ, ಮೂರಕ್ಕೆ ಬಂದ್ರೆ ನಿಂತೋಯ್ತದೆ," ಎಂದು ಯಾರಾದರೂ ಅನ್ನುವುದು, ಅವನು ತಟ್ಟೆ ನೋಡಿಕೊಂಡು ನಗುವುದು.

ಎಂಜಿನ್ನಿಗೆ ಏನೂ ಆಗಿರಲಿಲ್ಲ. ಮರುದಿನ ಗಾರ್ಲಂಡ್ ಅದನ್ನು ಬಿಚ್ಚಿ ಒಂದೊಂದು ತುಂಡನ್ನೂ ಹಳೆಯ ಹಾಸಿಗೆಬಟ್ಟೆಯ ಮೇಲೆ ಹರಡಿ ನೋಡಿದ್ದ. ಎಲ್ಲ ಮದುವೆಗೆ ಉಜ್ಜಿಟ್ಟ ಬೆಳ್ಳಿಯ ಹಾಗಿತ್ತು. ಆದರೆ ಬಿಚ್ಚುವ ಮುಂಚೆಯೇ ಅವನಿಗೆ ಗೊತ್ತಿತ್ತು, ಏಕೆಂದರೆ ಕಾರನ್ನು ಎಳೆದುಕೊಂಡು ಮನೆಗೆ ಬರುವ ದಾರಿಯಲ್ಲಿ ಹಾಯ್ಟ್ ಹೇಳಿಬಿಟ್ಟಿದ್ದ. "ಆಕ್ಸಿಲರೇಟರಿಂದ ಕಾಲು ಎತ್ಬುಟ್ಟೆ ಕಣ್ಲಾ. ಆ ಹುಡುಗನ ಬಾಗಿಲು ನೇರ ನನ್ ಕಾರಿನ್ ಮೂತಿಗೇ ಇತ್ತು. ತುಳ್ಕೊಂಡೇ ಹೋಗಿದ್ರೆ ಗೆಲ್ತಿದ್ದೆ. ಅವ್ನು ಇರ್ತಿರ್ಲಿಲ್ಲ." ಸ್ವಲ್ಪ ದೂರ ಹೋದ ಮೇಲೆ, "ಎಂಜಿನ್ ಹೋಯ್ತು ಅನ್ನು. ನಿನ್ ಕಾಲಿಗೆ ಬೀಳ್ತೀನಿ," ಎಂದಿದ್ದ.

ಹೊರಗಿನವರಿಗೆ ಇದು ವಿಚಿತ್ರ ಅನಿಸಬಹುದು. ಬಜರ್ಡ್ ಕ್ರೀಕಿನಲ್ಲಿ ಮನುಷ್ಯ ಕುಡಿಯಬಹುದು, ಜೈಲಿಗೆ ಹೋಗಬಹುದು, ಪಾದ್ರಿಯ ಕುದುರೆ ಕದಿಯಬಹುದು. ಕೊನೆಯ ಸುತ್ತಿನಲ್ಲಿ ಪೆಡಲಿನಿಂದ ಕಾಲು ಎತ್ತುವಂತಿಲ್ಲ. ಎತ್ತಿದವನ ಹೆಸರು ನಾಯಿಗೂ ಇಡುವುದಿಲ್ಲ. ಹೀಗಾಗಿ ಆ ಸೀಮೆಯಲ್ಲಿ ಅದುವರೆಗೆ ಯಾರೂ ಮಾಡದಷ್ಟು ಒಳ್ಳೆಯ ಕೆಲಸವೊಂದನ್ನು ಇಬ್ಬರು ಗೆಳೆಯರು ಸೇರಿ ಕಳ್ಳಭಟ್ಟಿಯಂತೆ ಬಚ್ಚಿಟ್ಟರು. ಗಾರ್ಲಂಡ್ ತುಟಿ ಬಿಚ್ಚಲಿಲ್ಲ. ಕೇಳಿಕೊಂಡವನು ಹಾಯ್ಟ್, ಮುಗಿಯಿತು.

ಮುಗಿದಿರಲಿಲ್ಲ ಎಂದು ತಿಳಿದದ್ದು ತೀರ ಈಚೆಗೆ. ಹಾಯ್ಟನ ನೆನಪು ಹಳೆಯ ರೇಡಿಯೇಟರಿನಂತೆ ಸೋರತೊಡಗಿತ್ತು. ಮೊದಲು ಮೊಮ್ಮಕ್ಕಳ ಹೆಸರು ಹೋಯಿತು, ಆಮೇಲೆ ಮನೆಯ ದಾರಿ. ಒಂದು ದಿನ ಹಾಯ್ಟನ ಮನೆಯ ಜಗಲಿಯಲ್ಲಿ ಕೂತಿದ್ದಾಗ ಅವನು ಗಾರ್ಲಂಡನತ್ತ ತಿರುಗಿ, "ಎಂಥಾ ಎಂಜಿನ್ ಕೊಟ್ಯಲ್ಲೋ ನಂಗೆ. ಗೆದ್ದಿದ್ ರೇಸು ಕೈಬಿಟ್ಟೋಯ್ತು," ಎಂದ. ತಮಾಷೆಯಲ್ಲ. ಅವನ ಕಣ್ಣಲ್ಲಿ ನೀರಿತ್ತು. ಕಟ್ಟಿಕೊಂಡ ಸುಳ್ಳೊಂದೇ ಅವನ ತಲೆಯಲ್ಲಿ ಉಳಿದು, ನಿಜ ಕೊಚ್ಚಿಹೋಗಿತ್ತು.

ಬೈಸಿಕೊಂಡದ್ದಕ್ಕೆ ಗಾರ್ಲಂಡನಿಗೆ ನೋವಾಗಲಿಲ್ಲ, ಅದು ಅಭ್ಯಾಸವಾಗಿತ್ತು. ಅವನನ್ನು ಕಾಡಿದ್ದು ಬೇರೆ. ಹಾಯ್ಟ್ ಒಬ್ಬ ಹುಡುಗನ ಜೀವ ಉಳಿಸಿದ ಸಂಗತಿ ಇನ್ನು ಲೋಕದಲ್ಲಿ ಗಾರ್ಲಂಡನದೊಂದೇ ತಲೆಯೊಳಗಿತ್ತು. ಆ ತಲೆಗೆ ಎಂಬತ್ತು ದಾಟಿತ್ತು, ಅದರ ಕೆಳಗಿನ ಎದೆಯ ಬಗ್ಗೆ ಡಾಕ್ಟರರು ಮುಖ ಗಂಟು ಹಾಕಿದ್ದರು.

ಈ ಸಲದ ಭಾನುವಾರ, ಹಾಯ್ಟನೂ ಹೆಂಡತಿಯೊಡನೆ ಬಂದು ಕೂತಿರುವಾಗಲೇ, ಮಾತು ಮೂರನೇ ತಿರುವಿಗೆ ಬಂತು. ಅಲ್ಲಿಯ ಸಾಕ್ಷಿ ಡಾಯ್ಲ್ ಬಮ್‌ಗಾರ್ನರ್, ಕೋಳಿಮಾಂಸದ ಕಾರ್ಖಾನೆಯಿಂದ ನಿವೃತ್ತನಾದವ, ಬಾಯಿ ಮಾತ್ರ ಇನ್ನೂ ನಿವೃತ್ತಿಯಾಗಿರಲಿಲ್ಲ. "ಧೂಳು ಅಂದ್ರೆ ಎಂಥಾ ಧೂಳು, ನನ್ ಬಿಸ್ಕೆಟ್ಟು ಬಾಯ್ಗೆ ಹೋಗೋಷ್ಟ್ರಲ್ಲಿ ಅದ್ರ ಮೇಲೆ ಜೋಳ ಬೆಳೀಬೋದಿತ್ತು. ಆಗ ಗಾರ್ಲಂಡನ ಎಂಜಿನ್ನು ಕೆಮ್ತು ನೋಡ್ರಪ್ಪ..."

"ಕೆಮ್ಲಿಲ್ಲ," ಎಂದ ಗಾರ್ಲಂಡ್.

ಅಗಿಯುತ್ತಿದ್ದ ದವಡೆಗಳು ನಿಂತವು. ತಿರುವಿನ ನಡುವೆ ಬಾಯಿ ಹಾಕಿದವರು ಈವರೆಗೆ ಯಾರೂ ಇರಲಿಲ್ಲ.

"ಏನಂದೆ?"

"ಎಂಜಿನ್ ಚೆನ್ನಾಗಿತ್ತು ಡಾಯ್ಲ್. ಹಾಯ್ಟೇ ಕಾಲು ಎತ್ತಿದ್ದು. ಆ ಹುಡುಗ ಸಾಯ್ತಿದ್ದ, ಅದ್ಕೇ ಎತ್ತಿದ್ದು."

ಡಾಯ್ಲ್ ಕೈಯಲ್ಲಿದ್ದ ಕೋಳಿಕಾಲನ್ನು ಮೆಲ್ಲಗೆ ಕೆಳಗಿಟ್ಟ. "ನೀನು ಕಂಡ್ಯಾ?"

"ಇಲ್ಲ. ನಾನು ದಿಬ್ಬದ್ ಆಚೆ ಪಿಟ್ಟಲ್ಲಿ ಸ್ಪ್ಯಾನರ್ ಹಿಡ್ಕೊಂಡು ನಿಂತಿದ್ದೆ."

"ಹಂಗಾದ್ರೆ ಬಾಯ್ ಮುಚ್ಕೊಂಡು ಚಾ ಕುಡಿ. ಎಂಜಿನ್ನು ನಿಂದು, ನೀನು ಇನ್ನೇನ್ ಅಂತೀಯ. ಇಷ್ಟ್ ವರ್ಷ ಸುಮ್ನಿದ್ದು, ಪಾಪ, ಅವ್ನಿಗೆ ಏನೂ ನೆನ್ಪಿಲ್ದಿದ್ದಾಗ ಅವ್ನ್ ತಲೆಗೆ ಕಟ್ತೀಯಲ್ಲ, ನಾಚ್ಕೆ ಆಗಲ್ವಾ ನಿಂಗೆ?"

ಇದಕ್ಕಿಂತ ಕೆಟ್ಟದ್ದು ಪಕ್ಕದಲ್ಲೇ ಆಯಿತು. ಕಂಬಳಿ ಹೊದ್ದು ಕೂತಿದ್ದ ಹಾಯ್ಟ್ ಎದ್ದು ನಿಂತಿದ್ದ. "ನಾನು ಕಾಲು ಎತ್ತಿದ್ನಾ? ನನ್ ಜೀವ್ಮಾನದಲ್ಲೇ ಎತ್ತಿಲ್ಲ. ನೀನು ನನ್ ಗೆಳೆಯ ಅಂದ್ಕೊಂಡಿದ್ನಲ್ಲೋ ಗಾರ್ಲಂಡ್."

ಹಾಯ್ಟನ ಹೆಂಡತಿ ವರ್ಲೀನ್ ಅವನ ತೋಳು ಹಿಡಿದು ಕೂರಿಸಿದಳು. ಕಡಿಮೆ ಮಾತಿನ ಹೆಂಗಸು. ಗಾರ್ಲಂಡನನ್ನು ಬಹಳ ಹೊತ್ತು ನೋಡಿದಳು. ನಾಲ್ಕನೇ ತಿರುವಿನವರು ಜಾರ್ಜಿಯಾದವನ ಗೆಲುವನ್ನು ಬೇಗ ಬೇಗ ಹೇಳಿ ಮುಗಿಸಿದರು. ಯಾರೂ ಉತ್ಪ್ರೇಕ್ಷೆ ಮಾಡಲಿಲ್ಲ. ಅಂಥದ್ದು ಅಲ್ಲಿ ಅದೇ ಮೊದಲು.

ಕಡೆಯಲ್ಲಿ ಹಾಯ್ಟನನ್ನು ಯಾರಾದರೂ ತಮ್ಮ ಪಿಕಪ್ ಟ್ರಕ್ಕಿನಲ್ಲಿ ಕೂರಿಸಿ ಮೈದಾನಕ್ಕೆ ಒಂದು ಸುತ್ತು ಹಾಕಿಸುವುದು ವಾಡಿಕೆ. ಡಾಯ್ಲ್ ತನ್ನ ಟ್ರಕ್ಕಿನ ಬೀಗದಕೈ ತೆಗೆದ.

"ನಿಂದು ಬ್ಯಾಡ," ಎಂದಳು ವರ್ಲೀನ್. "ಗಾರ್ಲಂಡ್, ನೀನ್ ಓಡ್ಸು."

"ಅವ್ನು ನನ್ ಜೊತೆ ಕೂರಲ್ಲ ಕಣಮ್ಮ."

"ಅವ್ನ್ಗೆ ಆಗ್ಲೇ ಮರ್ತೋಗಿದೆ. ನಡಿ."

ನಿಜಕ್ಕೂ ಮರೆತಿದ್ದ. ಖುಷಿಯಾಗಿ ಹತ್ತಿ ಕಿಟಕಿಯ ಪಕ್ಕ ಕೂತ. ನಡುವೆ ವರ್ಲೀನ್, ಸ್ಟೀರಿಂಗಿನ ಹಿಂದೆ ಗಾರ್ಲಂಡ್. ಟ್ರಕ್ಕು ಪೈನ್ ಸಸಿಗಳನ್ನು ತಪ್ಪಿಸಿಕೊಂಡು ಆಮೆಯೂ ಹಾರ್ನ್ ಹೊಡೆದು ಮುಂದೆ ಹೋಗುವಷ್ಟು ನಿಧಾನಕ್ಕೆ ಹೊರಟಿತು. ಹಾಯ್ಟ್ ಎರಡೂ ಕೈಯನ್ನು ಎದೆಯ ಮುಂದೆ ಹಿಡಿದಿದ್ದ, ಇಲ್ಲದ ಸ್ಟೀರಿಂಗೊಂದನ್ನು ಹಿಡಿದ ಹಾಗೆ. ಬಲಗಾಲಿನ ಬೂಟು ನೆಲಕ್ಕೆ ಒತ್ತಿಕೊಂಡಿತ್ತು; ಮಂಡಿ ಒತ್ತಡಕ್ಕೆ ನಡುಗುತ್ತಿತ್ತು. ಮೊದಲ ತಿರುವು ಕಳೆಯಿತು, ಎರಡನೆಯದೂ ಕಳೆಯಿತು. ದಿಬ್ಬದ ಹಿಂದಿನ ನೇರದಾರಿಯಲ್ಲಿ ಅವನ ಉಸಿರು ಬಿರುಸಾಯಿತು. ಬೂಟು ಮಾತ್ರ ಕದಲಲಿಲ್ಲ.

ಮೂರನೇ ತಿರುವಿನ ಬಾಯಿಯಲ್ಲಿ ಬೂಟು ನೆಲದಿಂದ ಮೇಲೆದ್ದಿತು.

ಕೈಗಳು ಎಡಕ್ಕೆ ಹೊರಳಿದವು. ಹಾಯ್ಟ್ ಗಾಜಿನಾಚೆಯ ಒಣಹುಲ್ಲನ್ನು ನೋಡುತ್ತಾ ಬಹಳ ಮೆತ್ತಗೆ, ಮಗುವಿಗೆ ಹೇಳುವಂತೆ, "ಅಲ್ಲೇ ಇರಪ್ಪ. ಅಲ್ಲಾಡ್ಬ್ಯಾಡ. ನಾನು ಗುದ್ದಲ್ಲ," ಎಂದ.

ಗಾರ್ಲಂಡನ ಕೈಯಲ್ಲಿ ಟ್ರಕ್ಕು ತಾನಾಗಿ ನಿಂತಿತು. ವರ್ಲೀನ್ ಗಂಡನ ಬೂಟನ್ನೇ ನೋಡುತ್ತಿದ್ದಳು. ಅದು ಇನ್ನೂ ಗಾಳಿಯಲ್ಲೇ ಇತ್ತು. ಅವಳು ಬಾಗಿ ಎರಡೂ ಕೈಯಿಂದ ಅದನ್ನು ಹಿಡಿದು ನೆಲಕ್ಕಿಳಿಸಿದಳು.

"ಇಷ್ಟ್ ದಿನ ನನ್ಗಾದ್ರೂ ಹೇಳ್ಬೋದಿತ್ತು," ಎಂದಳು.

"ಕಾಲಿಗೆ ಬೀಳ್ತೀನಿ ಅಂದಿದ್ದ ಕಣಮ್ಮ."

"ಇಬ್ರೂ ಕತ್ತೆಗಳು." ಅವಳು ಬೂಟಿನ ಧೂಳನ್ನು ಅಂಗೈಯಿಂದ ಒರೆಸಿದಳು. "ನಡಿ, ಆ ಮೆಟ್ಲತ್ರ ಬಿಡು ನನ್ನ."

ಮೆಟ್ಟಿಲುಗಳ ಬಳಿ ಅವಳು ಇಳಿದಳು. ಚಳಿಗಾಳಿಯಿದ್ದುದರಿಂದ ಗಾರ್ಲಂಡ್ ಹಾಯ್ಟನಿಗಾಗಿ ಗಾಜು ಏರಿಸಿ ಒಳಗೇ ಕೂತ. ವರ್ಲೀನ್ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಏರಿ ಡಾಯ್ಲನ ಮುಂದೆ ಹೋಗಿ ನಿಂತಳು. ಡಾಯ್ಲ್ ಮೊದಲು ತಲೆ ಅಲ್ಲಾಡಿಸಿದ, ಏನೋ ಕೇಳಿದ. ಅವಳು ಎರಡು ಬೆರಳನ್ನು ತನ್ನ ಕಣ್ಣಿನತ್ತ ತೋರಿಸಿ, ಬಲಗಾಲನ್ನು ಸ್ವಲ್ಪ ಮೇಲೆತ್ತಿ ತೋರಿಸಿದಳು. ಅವಳು ಏನಂದಳೆಂದು ಗಾರ್ಲಂಡನಿಗೆ ಕೇಳಲಿಲ್ಲ. ಡಾಯ್ಲ್ ಬೆಂಚಿನ ಮೇಲೆ ಪಕ್ಕಕ್ಕೆ ಸರಿದು ಅವಳಿಗೆ ಮೂರನೇ ತಿರುವಿನ ಸಾಕ್ಷಿಯ ತನ್ನ ಜಾಗ ಬಿಟ್ಟುಕೊಟ್ಟ.

ಅಲ್ಲಿದ್ದ ಎಲ್ಲರೂ ಟ್ರಕ್ಕಿನತ್ತ ತಿರುಗಿದರು. ಯಾರೂ ಚಪ್ಪಾಳೆ ತಟ್ಟಲಿಲ್ಲ.

"ಯಾರ್ನ್ಲಾ ಅವ್ರು ಹಂಗ್ ನೋಡ್ತಾವ್ರೆ?" ಎಂದ ಹಾಯ್ಟ್.

"ನಿನ್ನೇ ಕಣೋ."

"ಯಾಕೆ, ಗೆದ್ನಾ?"

ಗಾರ್ಲಂಡ್ ಗೆಳೆಯನ ಹೆಗಲಿನಿಂದ ಜಾರಿದ್ದ ಕಂಬಳಿಯನ್ನು ಎಳೆದು ಸರಿಮಾಡಿ ಹೊದಿಸಿದ.