ನಾಲ್ಕನೇ ಕಾರ್ಡಿನ ಶುದ್ಧ ನಿ

ಜೋಯಿಡಾ ಕಡೆಯ ರಾಮನಗರದ ಶಾಮಿಯಾನಾ ಗುತ್ತಿಗೆದಾರನೊಬ್ಬ ದಾಂಡೇಲಿಯ ತೌಸೀಫನಿಗೆ ಒಂದು ಮದುವೆಯ ಪಗಾರ ಇನ್ನೂ ಕೊಟ್ಟಿಲ್ಲ. ಹಾಡಿದವರಿಗೆ ಕೊಟ್ಟ, ಢೋಲಕ್ ಬಡಿದವನಿಗೆ ಕೊಟ್ಟ, ಗಿಟಾರ್ ಬಾರಿಸಿದವನಿಗೆ ಮಾತ್ರ ಕೈ ಝಾಡಿಸಿಬಿಟ್ಟ. “ನಡುವ ನಿನ್ನ ಗಿಟಾರ್ ಹುಳಿ ಹಿಡೀತಪಾ. ಒಡದ ಹಾಲಿಗೆ ಯಾರರ ರೊಕ್ಕ ಕೊಡ್ತಾರೇನು?” ಅಂದ.

ಕೂಲಿ ತಡೆಹಿಡಿಯಲು ಗುತ್ತಿಗೆದಾರರಿಗೆ ನೆಪದ ಬರ ಬಂದದ್ದಿಲ್ಲ. ದುಡಿಸಿಕೊಂಡ ಮೇಲೆ ಕೊಡಬೇಕು, ಅದರಲ್ಲಿ ಚೌಕಾಸಿ ಇಲ್ಲ. ಆದರೆ ತೌಸೀಫನ ನಿದ್ದೆ ಕೆಡಿಸಿದ್ದು ರೊಕ್ಕವಲ್ಲ. ಆ ಮನುಷ್ಯ ಹೇಳಿದ್ದು ನಿಜವಾಗಿತ್ತು. ಗಿಟಾರ್ ಹುಳಿ ಹಿಡಿದಿತ್ತು. ಎಲ್ಲಿ ಹಿಡಿಯಿತು, ಯಾಕೆ ಹಿಡಿಯಿತು ಎಂಬುದು ಬಾರಿಸಿದವನಿಗೇ ಗೊತ್ತಿರಲಿಲ್ಲ.

ತೌಸೀಫನಿಗೆ ನಲವತ್ತರ ಆಸುಪಾಸು. ಕಾಡಿಗೆ ಪ್ರವಾಸಿಗರನ್ನು ಹೊತ್ತೊಯ್ಯುವ ಜೀಪುಗಳನ್ನು ರಿಪೇರಿ ಮಾಡುವುದು ಹೊಟ್ಟೆಪಾಡು. ಗಿಟಾರ್ ಬಂದದ್ದೂ ಜೀಪಿನಿಂದಲೇ. ಗೋವಾ ಕಡೆಯ ಪ್ರವಾಸಿಯೊಬ್ಬ ಕತ್ತು ಮುರಿದ ಗಿಟಾರನ್ನು ಹಿಂದಿನ ಸೀಟಿನಲ್ಲಿ ಬಿಟ್ಟುಹೋಗಿದ್ದ. ಇವನು ರೇಡಿಯೇಟರ್ ಸೋರಿಕೆಗೆ ಮೆತ್ತುವ ಅಂಟನ್ನು ಅದರ ಕತ್ತಿಗೆ ಮೆತ್ತಿ, ಕ್ಲಾಂಪ್ ಬಿಗಿದು ಒಣಗಿಸಿದ. ಕತ್ತು ನಿಂತಿತು. ಮುಂದಿನದನ್ನು ಫೋನಿನ ವಿಡಿಯೋ ನೋಡಿ ಕಲಿತ. ಮೊಹಲ್ಲಾದಲ್ಲಿ ಒಂದಿಬ್ಬರು ಮೂಗು ಮುರಿದರು. ಅವರ ಸ್ಕೂಟರ್ ಕೆಟ್ಟಾಗ ಅದೇ ಮೂಗು ಹೊತ್ತು ಇವನ ಗ್ಯಾರೇಜಿಗೇ ಬಂದರು.

ಅವನು ಬಾರಿಸುತ್ತಿದ್ದುದು ಮಹಾಬಳೇಶ್ವರ ಮಾಸ್ತರರ ರಸಮಂಜರಿ ತಂಡದಲ್ಲಿ. ಮಾಸ್ತರರು ಧಾರವಾಡ ಕಡೆಯಿಂದ ಬಂದು ಕಾಗದದ ಗಿರಣಿಯಲ್ಲಿ ದುಡಿದು ನಿವೃತ್ತರಾದವರು. ಮೊದಲು ಭಜನೆಗೆ ಹಾರ್ಮೋನಿಯಂ, ಈಗ ಮದುವೆಗೆ ಕೀಬೋರ್ಡ್. ರಾಮನಗರದ ಫಜೀತಿ ಆದ ಮೇಲೆ ಅವರು ತೌಸೀಫನನ್ನು ಕರೆದು ಹೇಳಿಬಿಟ್ಟರು.

“ತಮ್ಮಾ, ಸಾಂಬ್ರಾಣಿ ಊರಿನ ಮದುವ್ಯಾಗ ನೀ ಬರೇ ಕಾರ್ಡ್ ಹಿಡಿ. ನಡುವಿನ ಸೋಲೋ ಪೆನ್ ಡ್ರೈವಿನ್ಯಾಗಿಂದ ಬಿಡೂಣು.”

“ಮಾಸ್ತರ್, ಪೆನ್ ಡ್ರೈವ್ ಎಂದಾದ್ರೂ ಬೆವರ್ತೈತೇನ್ರಿ?”

“ಬೆವರೂದಿಲ್ಲ. ಹುಳಿನೂ ಹಿಡಿಯೂದಿಲ್ಲ.”

“ಶುಕ್ರವಾರ ಗ್ಯಾರೇಜ್ ಬಂದ್ ಇರ್ತೈತಿ. ಬಂದು ಒಮ್ಮೆ ಕೇಳ್ರಿ. ಹುಳಿ ಬಂದ್ರ ಪೆನ್ ಡ್ರೈವ್ ನಾನs ಹಚ್ಚಿ ಕೊಡ್ತೇನಿ.”

ಮಾಸ್ತರರು ಒಪ್ಪಿದರು. ಹಾಡುವವರು ನಿಂತಾಗ ತನ್ನ ಬೆರಳು ಒಂಟಿಯಾಗಿ ಮಾತಾಡುವ ಆ ಅರೆ ನಿಮಿಷ ತೌಸೀಫನಿಗೆ ಇಡೀ ವಾರದ ಗ್ರೀಸು ತೊಳೆದಂತಿರುತ್ತಿತ್ತು. ಅದು ಉಳಿಯಬೇಕಾದರೆ ಶುಕ್ರವಾರದೊಳಗೆ ಹುಳಿ ಎಲ್ಲಿದೆ ಎಂದು ಹುಡುಕಬೇಕಿತ್ತು.

ರಾಮನಗರದಲ್ಲಿ ಹುಳಿ ಹಿಡಿದದ್ದೂ ಸಾಂಬ್ರಾಣಿಯಲ್ಲಿ ಬಾರಿಸಬೇಕಿದ್ದದ್ದೂ ಒಂದೇ ಹಾಡು. ಅದು ನಾಲ್ಕು ಕಾರ್ಡುಗಳ ಮೇಲೆ ತಿರುಗುತ್ತದೆ: ಎ ಮೈನರ್, ಜಿ, ಎಫ್, ಇ. ಕಾರ್ಡ್ ಎಂದರೆ ಮೂರು ಸ್ವರಗಳನ್ನು ಒಟ್ಟಿಗೆ ಒತ್ತಿ ಹಿಡಿಯುವುದು. ಅವುಗಳ ಮೇಲೆ ಸೋಲೋ ಬಾರಿಸಲು ತೌಸೀಫ ಕಲಿತದ್ದು ಐದೇ ಸ್ವರ: ಸಾ, ಕೋಮಲ ಗ, ಮ, ಪ, ಕೋಮಲ ನಿ. ಫೋನಿನ ಉಸ್ತಾದನೊಬ್ಬ ಕಣ್ಣು ಮುಚ್ಚಿ ಭರವಸೆ ಕೊಟ್ಟಿದ್ದ: ಈ ಐದನ್ನು ಎಲ್ಲಿ ಬೇಕಾದರೂ ಬಾರಿಸು, ಕೆಡುವುದಿಲ್ಲ. ಇವನು ನಂಬಿ, ಐದನ್ನೂ ಗರಗರ ತಿರುಗಿಸುತ್ತಿದ್ದ.

ಮರುದಿನ ಬೆಳಿಗ್ಗೆ ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಬಾರಿಸತೊಡಗಿದ. ಒಳಗೆ ಹೆಂಡತಿ ಅನೀಸಾ ಒಲೆಯ ಮೇಲೆ ಅನ್ನಕ್ಕಿಟ್ಟು ಈರುಳ್ಳಿ ಹೆಚ್ಚುತ್ತಿದ್ದಳು.

“ಅಜೀ, ಮತ್ತ ಕಡೀತು ನೋಡ್ರಿ.”

“ಎಲ್ಲಿ?”

“ಎಲ್ಲಿ ಅಂತ ನನಗೇನ್ ಗೊತ್ತು? ಅನ್ನದಾಗ ಹಳ್ಳು ಸಿಕ್ಕಂಗಾತು.”

“ಸಿಕ್ಕಾಗೊಮ್ಮೆ ಸೌಟು ಬಡಿ.”

“ಬಡೀತೇನಿ. ತಾಟಿಗೋ, ನಿಮ್ಮ ತಲಿಗೋ?”

ತಾಟಿಗೇ ಬಡಿದಳು. ಠಣ್ ಎಂದಿತು. ನಾಲ್ಕು ಕಾರ್ಡ್ ಸುತ್ತಿ ಬಂದ, ಮತ್ತೆ ಠಣ್. ಇನ್ನೊಂದು ಸುತ್ತು, ಮತ್ತೆ ಠಣ್. ತೌಸೀಫ ತಲೆ ಎತ್ತಿದ. ಸೌಟಿನ ಸದ್ದು ಹಾಡಿನ ಒಂದೇ ಜಾಗದಲ್ಲಿ ಬರುತ್ತಿತ್ತು.

ಹಳೇ ಪೆಟ್ರೋಲ್ ಜೀಪು ಕುಂಟುತ್ತ ಬಂದರೆ ಅವನು ಎಂಜಿನ್ ಚಾಲೂ ಇಟ್ಟು ಪ್ಲಗ್ ವೈರುಗಳನ್ನು ಒಂದೊಂದಾಗಿ ಕಿತ್ತು ನೋಡುತ್ತಾನೆ. ಯಾವ ವೈರು ಕಿತ್ತಾಗ ಎಂಜಿನ್ ಸದ್ದು ಬದಲಾಗುವುದಿಲ್ಲವೋ, ನಾಲ್ಕು ಸಿಲಿಂಡರಿನಲ್ಲಿ ಕೆಟ್ಟದ್ದು ಅದೇ. ಇಲ್ಲೂ ನಾಲ್ಕೇ. ಒಂದೊಂದು ಕಾರ್ಡನ್ನು ಬೇರೆ ಬೇರೆಯಾಗಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡ. ಒಂದನ್ನು ಹಚ್ಚಿಟ್ಟು, ಅದರ ಮೇಲೆ ಐದು ಸ್ವರಗಳನ್ನು ಒಂದಾದ ಮೇಲೊಂದು ನಿಧಾನವಾಗಿ ಎಳೆದು ನೋಡಿದ.

ಎ ಮೈನರ್ ಮೇಲೆ ಸಾ ಹಿಡಿದ, ಹಾಸಿಗೆಯ ಮೇಲೆ ಮಲಗಿದಂತೆ ಕೂತಿತು. ಎಫ್ ಮೇಲೂ ಸಾ ತಕರಾರು ಮಾಡಲಿಲ್ಲ. ಜಿ ಮೇಲೆ ಮ ಕೂಡ ನಡೆಯಿತಾದರೂ ಕೋಮಲ ನಿ ಬಂದದ್ದೇ ಯಜಮಾನನ ಹಾಗೆ ಕಾಲು ಚಾಚಿ ಕೂತಿತು. ಅದೇ ಕೋಮಲ ನಿಯನ್ನು ಇ ಕಾರ್ಡಿನ ಮೇಲೆ ಎಳೆದ.

ಠಣ್! ಈ ಸಲ ಅನೀಸಾ ತಾಟೇ ಮಗುಚಿ ಬೀಳುವಂತೆ ಬಡಿದಳು.

ತೌಸೀಫ ಬೆರಳನ್ನು ಗಿಟಾರಿನ ಕತ್ತಿನ ಮೇಲೆ ಒಂದೇ ಫ್ರೆಟ್, ಎಂದರೆ ಒಂದೇ ಮನೆ, ಮುಂದೆ ಸರಿಸಿದ. ಕೋಮಲ ನಿ ಹೋಗಿ ಶುದ್ಧ ನಿ ಬಂತು. ಸೌಟು ಗಾಳಿಯಲ್ಲೇ ನಿಂತಿತು.

“ಇದೇನ್ ಮಾಡಿದ್ರಿ?”

“ಒಂದ ಮನಿ ಸರಿಸಿದೆ.”

“ಮತ್ತ ಸರಸ್ರಿ.”

ಮತ್ತೆ ಕೋಮಲ ನಿಯಿಂದ ಶುದ್ಧ ನಿಗೆ ಸರಿಸಿದ. ಈಗ ಆ ಸ್ವರ ಸುಮ್ಮನೆ ಕೂರಲು ಒಲ್ಲೆ ಎನ್ನುತ್ತಿತ್ತು, ಮೇಲಿನ ಸಾ ಕಡೆಗೆ ಮೈ ಚಾಚುತ್ತಿತ್ತು. ನಾಲ್ಕೂ ಕಾರ್ಡುಗಳನ್ನು ಸಾಲಾಗಿ ಹಚ್ಚಿ ನೋಡಿದ. ಇ ಮುಗಿದು ಎ ಮೈನರ್ ತಿರುಗಿ ಬರುವ ಹೊತ್ತಿಗೆ ಬೆರಳು ತಾನಾಗಿಯೇ ಸಾ ಮೇಲೆ ಜಾರಿತು. ಸೈಕಲ್ಲು ಇಳಿಜಾರು ಮುಗಿಸಿ ಮನೆಯಂಗಳದಲ್ಲಿ ನಿಂತ ಹಾಗೆ. ತೌಸೀಫ ಹೋ ಎಂದು ನಕ್ಕ. ಸುತ್ತಿ ಸುತ್ತಿ ಅದನ್ನೇ ಬಾರಿಸಿದ. ಗರಗರ ತಿರುಗಿಸುವ ಚಟವೂ ಅಲ್ಲೇ ಬಿಟ್ಟಿತು. ಪ್ರತಿ ಕಾರ್ಡಿಗೆ ಒಂದು ಚೆಂದದ ಸ್ವರ ಆರಿಸಿ ಅದರ ಮೇಲೆ ಕಾಲೂರಿ ನಿಂತರೆ ಸಾಕಾಗುತ್ತಿತ್ತು. ಕೇಳುತ್ತ ಕೂತ ಅನೀಸಾಳ ಅನ್ನ ತಳ ಹಿಡಿಯಿತು. ಇಬ್ಬರೂ ಸೀದ ಅನ್ನವನ್ನೇ ನಕ್ಕೋತ ಉಂಡರು.

ಶುಕ್ರವಾರ ಮಧ್ಯಾಹ್ನ ಮಾಸ್ತರರು ಕೀಬೋರ್ಡ್ ಹೊತ್ತು ಗ್ಯಾರೇಜಿಗೆ ಬಂದರು. ಮೊದಲ ಸುತ್ತಿನಲ್ಲೇ ಕೈ ಎತ್ತಿದರು.

“ಏ ನಿಂದರು! ಶುದ್ಧ ನಿ ಎಲ್ಲಿಂದ ತಂದಿ? ಈ ಹಾಡಿನ ರಾಗಕ್ಕ ಅದು ಇಲ್ಲೋ ಮಾರಾಯಾ! ಭಜನ್ಯಾಗ ಹಿಂಗ ಮಾಡಿದ್ದರ ನಮ್ಮ ಗೂಳಪ್ಪಜ್ಜ ತಾಳ ಬೀಸಿ ಒಗೀತಿದ್ದ.”

“ಕಿವಿಗೆ ಹುಳಿ ಬಂತೇನ್ರಿ?”

“ಹುಳಿ ಬರಲಿಲ್ಲ,” ಎಂದು ಮಾಸ್ತರರು ಗಡ್ಡ ಕೆರೆದುಕೊಂಡರು. “ಆದ್ರೂ ಇಲ್ಲದ್ದು ಇಲ್ಲ.”

“ಹಂಗಾರ ನಾಲ್ಕನೇ ಕಾರ್ಡ್ ಒತ್ತಿ ಹಿಡೀರಿ.”

ಒತ್ತಿದರು.

“ಈಗ ನಡುವಿನ ಬೆರಳು ಹಂಗs ಇರ್ಲಿ. ಉಳದ ಎರಡು ಎತ್ತರಿ.”

ಎತ್ತಿದರು. ಕಪ್ಪು ಪಟ್ಟಿಯ ಮೇಲೆ ಒಂದೇ ಬೆರಳು ಉಳಿಯಿತು, ಗ್ಯಾರೇಜಿನಲ್ಲಿ ಒಂದೇ ಸ್ವರ. ಶುದ್ಧ ನಿ. ಮಾಸ್ತರರು ಆ ಬೆರಳನ್ನು ಬೇರೆ ಯಾರದೋ ಬೆರಳು ತಮ್ಮ ಕೈಗೆ ಅಂಟಿಕೊಂಡಂತೆ ನೋಡಿದರು.

“ನೀವು ಅದನ್ನ ಒತ್ತೂದು ಬಿಟ್ರ ನಾನೂ ಬಿಡ್ತೇನ್ರಿ ಮಾಸ್ತರ್.”

“ಎಲಾ ಇವನ! ನನ್ನ ಕೈಯಾಗs ಕುಂತೈತಲ್ಲೋ ಕಳ್ಳ!” ಎಂದು ಮಾಸ್ತರರು ನಕ್ಕ ನಗುವಿಗೆ ಸ್ಟೂಲು ಕಿರ್ ಎಂದಿತು.

ಪ್ರತಿಭಟನೆಯ ಮೆರವಣಿಗೆ ಬಸ್ ನಿಲ್ದಾಣ ದಾಟಿ ಕಚೇರಿಯ ಬಾಗಿಲಿಗೆ ಬಂದು ಹೊಸ ಘೋಷಣೆ ಎತ್ತಿದ ಮೇಲೂ ಹಿಂದಿನ ಸಾಲಿನವರು ನಿಲ್ದಾಣದಲ್ಲಿ ಕೂಗಿದ್ದನ್ನೇ ಕೂಗುತ್ತಿದ್ದರೆ ಎರಡೂ ಕೂಡಿ ಗದ್ದಲವಾಗುತ್ತದೆ. ತೌಸೀಫ ಇಷ್ಟು ದಿನ ಮಾಡಿದ್ದು ಅದನ್ನೇ. ಕಾರ್ಡ್ ಮುಂದೆ ಹೋಗಿತ್ತು, ಬೆರಳು ಹಿಂದೆಯೇ ಕೂಗುತ್ತಿತ್ತು. ಪೆನ್ ಡ್ರೈವನ್ನು ಮಾಸ್ತರರು ಕಿಸೆಯಿಂದ ಹೊರಗೆ ತೆಗೆಯಲೇ ಇಲ್ಲ.

ಸಾಂಬ್ರಾಣಿಯ ಮದುವೆಯಲ್ಲಿ ಅಕ್ಷತೆಯ ಅಕ್ಕಿಕಾಳು ಬಿದ್ದು ಊಟದ ಪಂಕ್ತಿ ಕೂತಿತ್ತು. ತಂಡದ ಹಾಡುಗಾರ್ತಿ ಮಧುಮತಿ ಎರಡನೇ ಚರಣ ಮುಗಿಸಿ ನಿಂತಳು, ತೌಸೀಫ ತಲೆ ಬಗ್ಗಿಸಿ ಸೋಲೋ ಶುರು ಮಾಡಿದ. ಅಷ್ಟರಲ್ಲಿ ಮದುಮಗಳ ಸೋದರಮಾವ ಅಡಿವೆಯ್ಯ ವೇದಿಕೆ ಹತ್ತಿ ಬಂದ. ಮುಯ್ಯಿ ಮಾಡಿದವರ, ಎಂದರೆ ಉಡುಗೊರೆ ಕೊಟ್ಟವರ, ಹೆಸರು ಕೂಗಲು ಅವನಿಗೆ ಮೈಕ್ ಬೇಕಿತ್ತು. ನಮ್ಮ ಕಡೆ ಬಾಯಿಂದ ಹಾಡು ಬರದಿದ್ದರೆ ಮೈಕ್ ಖಾಲಿ ಇದೆ ಎಂದೇ ಲೆಕ್ಕ.

“ತಾ ಇಲ್ಲೆ ತಂಗಿ, ಹಾಡು ಮುಗೀತಲ್ಲ.”

“ಮುಗಿದಿಲ್ಲ ಕಾಕಾ,” ಎಂದು ಮಧುಮತಿ ಮೈಕನ್ನು ಎದೆಗೆ ಒತ್ತಿಕೊಂಡಳು.

“ಯಾರೂ ಹಾಡಾಕತ್ತಿಲ್ಲಲ್ಲವಾ!”

“ಅವರು ಹಾಡಾಕತ್ತಾರಲ್ರಿ. ಬಾಯಿ ನೋಡಬ್ಯಾಡ್ರಿ, ಬೆರಳು ನೋಡ್ರಿ.”

ಅಡಿವೆಯ್ಯ ಬೆರಳು ನೋಡುತ್ತ ನಿಂತ. ಬೈಯಲು ತೆರೆದ ಬಾಯಿ ತೆರೆದೇ ಇತ್ತು. ಜಿ ಮೇಲೆ ಕೋಮಲ ನಿ ಉದ್ದಕ್ಕೆ ಎಳೆದು ನಿಂತಿತು. ಎಫ್ ಮೇಲೆ ತೌಸೀಫ ಸಾ ಹಿಡಿದು ಉಸಿರು ತೆಗೆದುಕೊಂಡ. ನಾಲ್ಕನೇ ಕಾರ್ಡ್ ಬಂತು. ಮಾಸ್ತರರು ತಮ್ಮ ನಡುಬೆರಳನ್ನು ನೋಡಿ ಕಿಸಕ್ಕೆಂದರು, ತೌಸೀಫನ ಬೆರಳು ಒಂದು ಫ್ರೆಟ್ ಮುಂದೆ ಜಿಗಿಯಿತು, ಶುದ್ಧ ನಿ ಪೆಂಡಾಲಿನ ಬಟ್ಟೆಗೆ ತಾಗುವಂತೆ ಎದ್ದು ನಡುಗಿ ಸಾ ಮೇಲೆ ಬಂದು ಇಳಿಯಿತು. ಪಂಕ್ತಿಯಲ್ಲಿ ಯಾರೋ ಸಿಳ್ಳೆ ಹೊಡೆದರು. ಬಡಿಸುತ್ತಿದ್ದವನು ಸಾರಿನ ಬಕೆಟ್ ಹಿಡಿದು ನಿಂತಲ್ಲೇ ನಿಂತ. “ಸಾರು ಹಾಕೋ, ಕಿವೀಲೆ ಉಣ್ಣಾಕತ್ತಿಯೇನು!” ಎಂದು ಮುದುಕಿಯೊಬ್ಬಳು ಗದರಿದಳು.

ಅಡಿವೆಯ್ಯ ವೇದಿಕೆಯ ಅಂಚಿಗೇ ಕುಕ್ಕರಗಾಲಿನಲ್ಲಿ ಕೂತುಬಿಟ್ಟ.

“ಮಾತಿಲ್ಲದ್ದು ಆದ್ರೂ ಚಲೋ ಐತಲ್ಲಪಾ. ಇನ್ನೊಂದು ಸುತ್ತ ಹೊಡಿ.”

ಹೊಡೆದ. ಒಂದಲ್ಲ, ಮೂರು ಸುತ್ತು. ಮುಯ್ಯಿ ಮಾಡಿದವರು ಕಾದರು, ಯಾರ ಮಾನವೂ ಹೋಗಲಿಲ್ಲ.

ಈಗ ನಿಮಗೆ ಹೇಳುವುದು. ಹಳಿಯಾಳದಲ್ಲಾಗಲಿ, ಜೋಯಿಡಾ, ಮುಂಡಗೋಡದಲ್ಲಾಗಲಿ, ನಿಮ್ಮ ಮನೆಯ ಮದುವೆಯಲ್ಲಿ ಹಾಡುವವರು ಬಾಯಿ ಮುಚ್ಚಿ ಗಿಟಾರಿನವನು ತಲೆ ಬಗ್ಗಿಸಿದನೆಂದರೆ, ಹಾಡು ನಿಂತಿತು ಎಂದು ಮೈಕಿಗೆ ಕೈ ಹಾಕಬೇಡಿ. ಕೈ ಹಾಕಲು ಹೊರಟ ಕಾಕಾನನ್ನು ಅಂಗಿ ಹಿಡಿದು ಕೂಡಿಸಿ. ಗಿಟಾರಿನವನು ನಾಲ್ಕೂ ಕಾರ್ಡ್ ಸುತ್ತಿ ಸಾ ಮುಟ್ಟುವ ತನಕ ಬಾಯಿ ಮುಚ್ಚಿ ಕೇಳಿ.