ಮೊದ್ಲು ಫ್ಯಾನ್ ಒತ್ರಿ ಸಾರ್

ಮಾನ್ವಿಯ ಅಕ್ಕಿ ಗಿರಣಿಯ ಅಂಗಳದಲ್ಲಿ ಅವತ್ತು ಕೈಕಟ್ಟಿ ನಿಂತಿದ್ದೆ. ಭತ್ತ ಒಣಗಿಸುವ ಯಂತ್ರ ಮುಂಜಾನೆಯ ಇಡೀ ಲೋಡನ್ನು ಹುರಿದು ಕಂದು ಮಾಡಿಬಿಟ್ಟಿತ್ತು. ಬಿಸಿಯನ್ನು ಹತೋಟಿಯಲ್ಲಿಡುವ ಪೆಟ್ಟಿಗೆ ನಮ್ಮ ರಾಯಚೂರಿನ ಸಣ್ಣ ಕಂಪನಿಯದು. ಅದರೊಳಗಿನ ಸಿ ಭಾಷೆಯ ಪ್ರೋಗ್ರಾಂ ಬರೆದವರು ನಮ್ಮ ಹಿರಿಯ ಎಂಜಿನಿಯರು, ವೈರು ಜೋಡಿಸಿದವಳು ನಾನು.

"ವೈರಿಂಗ್ ತಪ್ಪಾಗ್ಯಾದರೀ ಸಾವ್ಕಾರ್ರ. ಈಕಿದು ಹೊಸಾ ಕೈ," ಅಂದರು ಎಂಜಿನಿಯರು, ಗಿರಣಿ ಮಾಲೀಕರಿಗೆ. ನನ್ನ ಕಡೆ ತಿರುಗಿ, "ಮಾಫಿ ಕೇಳವ್ವ."

ಕೇಳಿದೆ. ಹಮಾಲರೆಲ್ಲ ನೋಡುತ್ತಿದ್ದರು.

ಮರುದಿನದಿಂದ ನನ್ನನ್ನು ದೇವದುರ್ಗದ ಕಡೆ ರಿಪೇರಿಗೆ ಹಾಕಿದರು. ಹೋಗುವಾಗ ಬರುವಾಗ ಬಸ್ಸಿನಲ್ಲಿ ಹಲ್ಲು ಕಡಿಯುತ್ತಿದ್ದೆ. ಅದೇ ಅಂಗಳದಲ್ಲಿ ಆ ಮನುಷ್ಯನೂ ಮಾಫಿ ಕೇಳಬೇಕು. ಅಷ್ಟೇ ಬೇಕಿತ್ತು ನನಗೆ.

ಸಂಜೆ ಆಫೀಸಿಗೆ ಮರಳಿ ಎಷ್ಟು ಸಲ ಓಡಿಸಿದರೂ ಪ್ರೋಗ್ರಾಂ ತಪ್ಪುತ್ತಿರಲಿಲ್ಲ. ಕೊನೆಗೆ ಯಂತ್ರ ನಡೆಸುವವನಿಗೇ ಫೋನ್ ಮಾಡಿದೆ.

"ಅಣ್ಣಾ, ಅವತ್ತು ಮೊದ್ಲು ಯಾವ ಬಟನ್ ಒತ್ತಿದ್ರಿ?"

"ಫ್ಯಾನ್ ತಂಗಿ. ಧೂಳ ಹೋಗ್ಲಿ ಅಂತ."

"ಭತ್ತದ ಜಾತಿ ಆರಿಸಿದ್ರೇನು?"

"ಅದು ಮರ್ತಿದ್ದೆ ನೋಡವ್ವ."

ಪ್ರೋಗ್ರಾಂನ ತಪ್ಪು ಹಿಡಿದು ಹೇಳುವ ಕಂಪೈಲರಿನ ಎಚ್ಚರಿಕೆಗಳನ್ನು ಎಂಜಿನಿಯರು ಮುಚ್ಚಿಟ್ಟಿದ್ದರು; ಎಲ್ಲ ತೆರೆದೆ. ಬಂದದ್ದು ಒಂದೇ ಸಾಲು: ಬಿಸಿಯ ಮಿತಿಗೆ ಆರಂಭದ ಅಂಕಿಯನ್ನೇ ಕೊಟ್ಟಿಲ್ಲ. ಜಾತಿ ಆರಿಸಿದರೆ ಮಾತ್ರ ಅದಕ್ಕೊಂದು ಅಂಕಿ ಸಿಗುತ್ತಿತ್ತು. ಇಲ್ಲದಿದ್ದರೆ ಮೆಮರಿಯ ಆ ಜಾಗದಲ್ಲಿ ಹಿಂದಿನ ಕೆಲಸ ಬಿಟ್ಟುಹೋದ ಅಂಕಿಯೇ ಗತಿ. ಆಫೀಸಿನಲ್ಲಿ ಅಲ್ಲಿ ಸೊನ್ನೆ ಇರುತ್ತಿತ್ತು, ಬೆಂಕಿಯೇ ಹತ್ತುತ್ತಿರಲಿಲ್ಲ. ಗಿರಣಿಯಲ್ಲಿ ಮೊದಲು ಒತ್ತಿದ ಫ್ಯಾನಿನ ವೇಗ ಉಳಿದಿತ್ತು: ನಿಮಿಷಕ್ಕೆ ಸಾವಿರದ ನಾನೂರು ಸುತ್ತು. ಭತ್ತ ಸಾವಿರದ ನಾನೂರು ಡಿಗ್ರಿ ಕಾಯಲಿ ಎಂದು ಯಂತ್ರ ಉರಿಯುತ್ತಲೇ ಇತ್ತು.

ಅವತ್ತೇ ಹೇಳಬಹುದಿತ್ತು. ಹೇಳಲಿಲ್ಲ. ಯಂತ್ರ ನಡೆಸುವವನಿಗೆ ಮಾತ್ರ, "ಜಾತಿ ಆರಿಸದ ಶುರು ಮಾಡಬ್ಯಾಡ್ರಿ," ಎಂದು ತಾಕೀತು ಮಾಡಿ, ಎಂಜಿನಿಯರು ತಾವೇ ಮಾನ್ವಿಗೆ ಹೋಗುವ ದಿನಕ್ಕಾಗಿ ಕಾದೆ. ಹೊಂಚು ಹಾಕಿ ಕಾದೆ ಎಂದರೂ ಸರಿಯೇ.

ಎಂಟನೇ ದಿನ ಅವರ ಜೊತೆ ನಾನೂ ಹೋದೆ. ಸಾವ್ಕಾರರ ಮುಂದೆ ಖಾಲಿ ಯಂತ್ರ ತೋರಿಸಿ, "ಮೊದ್ಲು ಫ್ಯಾನ್ ಒತ್ರಿ ಸಾರ್. ಈಗ ಸೀದಾ ಶುರು ಮಾಡ್ರಿ," ಅಂದೆ. ಅರವತ್ತಕ್ಕೆ ನಿಲ್ಲಬೇಕಾದ ಬಿಸಿ ಎಂಬತ್ತು ದಾಟಿತು, ನೂರಕ್ಕೆ ಹತ್ತಿತು.

"ಏ, ಬಂದ್ ಮಾಡ್ರಿ!" ಸಾವ್ಕಾರರು ಕೂಗಿದರು.

ಮೇನ್ ಸ್ವಿಚ್ಚು ಇಳಿಸಿ, ಲ್ಯಾಪ್‌ಟಾಪಿನಲ್ಲಿ ಮಿತಿಗೆ ಅಂಕಿ ಕೊಡದ ಪ್ರೋಗ್ರಾಂ ಸಾಲು ತೋರಿಸಿದೆ.

"ಇದು ಯಾರು ಬರ್ದದ್ದು?" ಸಾವ್ಕಾರರು ಕೇಳಿದರು.

"ನಾನರೀ... ಸಣ್ಣ ಮರೆವು," ಅಂದರು ಎಂಜಿನಿಯರು. ಬಳಿಕ ನನ್ನ ಮುಖ ನೋಡದೆ, "ಮಾಫ್ ಮಾಡವ್ವ," ಎಂದು ಗೊಣಗಿದರು.

"ಹಮಾಲರಿಗೆ ಕೇಳಿಸ್ಲಿಲ್ಲ ಸಾರ್."

ಎರಡನೇ ಸಲ ಎಲ್ಲರಿಗೂ ಕೇಳಿಸುವಂತೆ ಹೇಳಿದರು.

ಈಗಲೂ ನಮ್ಮ ಮೇಜುಗಳು ಅಕ್ಕಪಕ್ಕ. ಮೊನ್ನೆ ಮೆಲ್ಲಗೆ ಬಂದು, ಹೊಸ ಪ್ರೋಗ್ರಾಂ ಒಮ್ಮೆ ನೋಡಿಕೊಡು ಎಂದರು. ನೋಡಿದೆ. ಹನ್ನೊಂದು ತಪ್ಪು. ಪ್ರಿಂಟ್ ತೆಗೆದು, ಒಂದೊಂದಕ್ಕೂ ಕೆಂಪು ಗೆರೆ ಎಳೆದು, ಊಟದ ಹೊತ್ತಿಗೆ ಎಲ್ಲರಿಗೂ ಕಾಣುವಂತೆ ಅವರ ಮೇಜಿನ ಮೇಲೆ ಹರವಿಟ್ಟೆ.