ಹಾಲಿನ ಮಾಫಿ

ನಾನು ವಿಜ್ಞಾನದ ಮಾಸ್ತರ. ಕಮಲಾಪುರದ ಹೈಸ್ಕೂಲಿನಲ್ಲಿ ಹತ್ತೊಂಬತ್ತು ವರ್ಷಗಳಿಂದ ಬೋರ್ಡಿನ ಮೇಲೆ ಮೆದುಳಿನ ಚಿತ್ರ ಬರೆಯುತ್ತಿದ್ದೇನೆ. ಪ್ರತಿ ವರ್ಷ ಯಾವಳಾದರೂ ಒಬ್ಬ ಹುಡುಗಿ, "ಸರ, ಆತ್ಮ ಎಲ್ಲಿ ಇರ್ತದ್ರಿ?" ಎಂದು ಕೇಳುತ್ತಾಳೆ. ನಾನು ಡಸ್ಟರ್ ತೆಗೆದುಕೊಂಡು ಚಿತ್ರವನ್ನು ಪೂರ್ತಿ ಒರೆಸಿ, "ಈಗ ಹುಡುಕು, ಎಲ್ಲದ?" ಎನ್ನುತ್ತಿದ್ದೆ. ತರಗತಿಯೆಲ್ಲ ನಗುತ್ತಿತ್ತು. ನನಗೂ ಭಾರಿ ಖುಷಿ.

ಮನೆ ಕಲಬುರಗಿಯ ಮೋಮಿನಪುರದಲ್ಲಿ. ಮನೆಯೊಳಗೆ ನಮ್ಮದು ದಖ್ಖನಿ ಉರ್ದು, ಬೀದಿಗೆ ಬಂದರೆ ಕನ್ನಡ. ಅಮ್ಮಿಯ ಮಾತನ್ನು ಇಲ್ಲಿ ಕನ್ನಡಕ್ಕೆ ತಂದೇ ಬರೆಯಬೇಕು. ಅವಳ ಬೈಗುಳದ ಖಾರ ಅರ್ಧ ಇಳಿದಿರುತ್ತದೆ, ಅಷ್ಟು ಸಹಿಸಿಕೊಳ್ಳಿ.

ನಮ್ಮಲ್ಲಿ ಒಂದು ರೂಢಿಯಿದೆ. ತನ್ನ ಕಾಲ ಹತ್ತಿರ ಬಂತು ಅನ್ನಿಸಿದಾಗ ತಾಯಿ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಹತ್ತಿರ ಕೂರಿಸಿಕೊಂಡು, "ನಿನಗೆ ಕುಡಿಸಿದ ಹಾಲು ಬಕ್ಷಿಸಿದೆ" ಎನ್ನುತ್ತಾಳೆ. ಮಗನಾಗಿ, ಮಗಳಾಗಿ ನೀನು ಏನು ಕಡಿಮೆ ಮಾಡಿದ್ದರೂ ಮಾಫಿ, ನನ್ನ ಮನಸ್ಸಿನಲ್ಲಿ ಏನೂ ಇಲ್ಲ ಎಂದು ಅದರರ್ಥ. ಇದನ್ನು ತಾಯಿಯೇ ಬಾಯಿಬಿಟ್ಟು ಹೇಳಬೇಕು. ಅವಳ ಪರವಾಗಿ ಬೇರೆಯವರು ಹೇಳಿದರೆ ನಡೆಯುವುದಿಲ್ಲ. ಆ ಮಾತು ಕೇಳದೆ ಉಳಿದ ಮಗನನ್ನು ಕಂಡು ಹಿರಿಯರು ಲೊಚಗುಟ್ಟುತ್ತಾರೆ.

ಹೋದ ಚಳಿಗಾಲದ ಒಂದು ಬೆಳಿಗ್ಗೆ ಅಮ್ಮಿ ಆಪಾಳಿಗೆ, ಅಂದರೆ ನನ್ನ ಅಕ್ಕನಿಗೆ, ಹಾಲು ಬಕ್ಷಿಸಿದಳು. ಆಮೇಲೆ ನನ್ನನ್ನು ಕರೆದಳು. ನಾನು ಬೂಟಿನ ಲೇಸು ಕಟ್ಟುತ್ತಿದ್ದೆ. ಕಮಲಾಪುರದ ಬಸ್ಸಿಗೆ ಹೊತ್ತಾಗಿತ್ತು.

"ಬಾರೋ, ಎರಡು ನಿಮಿಷ ಕೂಡು."

"ಅಮ್ಮಿ, ನಿನ್ನ ಬಿ.ಪಿ. ನನಗಿಂತ ಚೊಲೊ ಅದ. ಇನ್ನ ಹತ್ತು ವರ್ಷ ನನ್ನ ತಲಿ ತಿನ್ನಾಕಿ ನೀ. ಸಂಜಿಗಿ ಕೂಡ್ತೀನಿ ತಗೊ."

"ನಿನಗ ಯಾವಾಗ್ಲೂ ಬಸ್ಸೇ ದೊಡ್ಡದು," ಎಂದು ಮುಖ ತಿರುಗಿಸಿದಳು.

ಸಂಜೆ ಬಂದೆ, ಚಹಾ ಕುಡಿದೆ, ಮೊಬೈಲ್ ನೋಡುತ್ತ ಕೂತೆ, ಮರೆತೆ. ನಿಜ ಹೇಳಬೇಕೆಂದರೆ ಪೂರ್ತಿ ಮರೆತಿರಲಿಲ್ಲ. ಇಂಥದ್ದಕ್ಕೆಲ್ಲ ತಲೆಬಾಗಿ ಕೂತರೆ ನನ್ನ ವಿಜ್ಞಾನಕ್ಕೆ ಅವಮಾನವೆಂಬ ಧಿಮಾಕು ಇತ್ತು. ಅವಳೂ ಮತ್ತೆ ಕರೆಯಲಿಲ್ಲ. ಹಟ ನನಗೆ ಬಂದದ್ದಾದರೂ ಎಲ್ಲಿಂದ? ಮೂರು ವಾರ ಕಳೆದ ಮೇಲೆ ಅಮ್ಮಿ ಬಚ್ಚಲಲ್ಲಿ ಕುಸಿದು ಬಿದ್ದಳು.

ಆಸ್ಪತ್ರೆಯಲ್ಲಿ ಡಾಕ್ಟರು ಸ್ಕ್ಯಾನ್ ಚಿತ್ರವನ್ನು ಬೆಳಕಿಗೆ ಹಿಡಿದರು. ರಕ್ತಸ್ರಾವವಾಗಿ ಮೆದುಳಿನ ದೊಡ್ಡ ಭಾಗವೇ ಹೋಗಿತ್ತು. "ನೀವ ಸೈನ್ಸ್ ಮಾಸ್ತರ ಇದ್ದೀರಿ, ನಿಮಗ ನಾ ಏನ್ ಬಿಡಿಸಿ ಹೇಳಲಿ? ಉಸಿರು ತಾನ ನಡೀತದ. ಗುರುತು ಹಿಡಿಯೂದು, ಮಾತಾಡೂದು ಇನ್ನ ಇಲ್ರಿ. ಮನಿಗಿ ಕರ್ಕೊಂಡ ಹೋಗ್ರಿ."

ಮನೆಗೆ ಕರೆತಂದೆವು. ಆಪಾ ಇಡೀ ದಿನ ಅಮ್ಮಿಯ ಜೊತೆ ಮಾತನಾಡುತ್ತಿದ್ದಳು. ತಲೆ ಬಾಚುತ್ತ ಪಕ್ಕದ ಮನೆಯ ಜಗಳ ಹೇಳುವಳು, ಹಾಸಿಗೆ ಬದಲಿಸುತ್ತ "ಸ್ವಲ್ಪ ಸರಿ" ಎನ್ನುವಳು. ನನಗೆ ತಡೆಯಲಾಗಲಿಲ್ಲ. "ಆಪಾ, ಅಲ್ಲಿ ಕೇಳೋರು ಯಾರೂ ಇಲ್ಲ" ಎಂದೆ. "ನಾ ನಿನ್ನ ಕೇಳಿಲ್ಲ," ಎಂದು ಅವಳು ಬಾಚುವುದನ್ನು ಮುಂದುವರಿಸಿದಳು.

ಅಮ್ಮಿಯನ್ನು ಮನೆಗೆ ತಂದ ಹನ್ನೊಂದನೆಯ ದಿನ ರಜೆ ಚೀಟಿ ಕೊಡಲು ಕಮಲಾಪುರಕ್ಕೆ ಹೋದೆ. ನಮ್ಮ ಶಾಲೆಯ ಜವಾನನ ಮನೆ ಶಾಲೆಯ ಹಿಂದೆಯೇ ಇದೆ. ಅವನು ಎಮ್ಮೆ ಹಿಂಡುತ್ತಿದ್ದ. ಎಮ್ಮೆಯ ಮುಂದೆ ಕರು ನಿಂತಿತ್ತು. ಹತ್ತಿರ ಹೋದ ಮೇಲೆ ತಿಳಿಯಿತು, ಅದು ಸತ್ತ ಕರುವಿನ ಚರ್ಮಕ್ಕೆ ಹುಲ್ಲು ತುಂಬಿ ನಿಲ್ಲಿಸಿದ್ದು. ಎಮ್ಮೆ ಅದರ ಬೆನ್ನು ನೆಕ್ಕುತ್ತಿತ್ತು.

"ಇಲ್ಲಂದ್ರ ಹಾಲು ಬಿಡಂಗಿಲ್ರಿ ಸರ," ಎಂದ.

"ಮೋಸ ಮಾಡಾಕತ್ತಾರ ಅಂತ ಅದಕ್ಕ ತಿಳಿಯಂಗಿಲ್ಲೇನಪ?"

"ತಿಳೀದ ಏನ್ರಿ? ಕರ ಸತ್ತಾಗ ಮೂರು ದಿನ ಮೇವು ಮುಟ್ಟಿಲ್ಲ, ಒಂದೇ ಸವನ ಕೂಗ್ಯಾಳ. ಖರೇ, ನೆಕ್ಕಬೇಕು ಅನಸ್ತದ, ನೆಕ್ಕತಾಳ. ತಾಯಿ ಅಲ್ಲೇನ್ರಿ."

ಬೇರೆ ದಿನವಾಗಿದ್ದರೆ ವಾಸನೆ, ಹಾರ್ಮೋನು ಎಂದು ಅವನಿಗೆ ಅರ್ಧ ಗಂಟೆ ಪಾಠ ಹೇಳಿರುತ್ತಿದ್ದೆ. ಅವತ್ತು ಸುಮ್ಮನೆ ನೋಡುತ್ತ ನಿಂತೆ. ಹುಲ್ಲು ತುಂಬಿದ ಚರ್ಮವನ್ನು ಆ ಎಮ್ಮೆ ಬಿಟ್ಟುಕೊಟ್ಟಿರಲಿಲ್ಲ. ಅಮ್ಮಿ ಇನ್ನೂ ಉಸಿರಾಡುತ್ತಿದ್ದಳು, ಮೈ ಬೆಚ್ಚಗಿತ್ತು. ನಾನು ಮಾತ್ರ ಸ್ಕ್ಯಾನ್ ಚಿತ್ರ ನೋಡಿದಾಗಿನಿಂದ ಅವಳೊಂದಿಗೆ ಒಂದು ಮಾತೂ ಆಡಿರಲಿಲ್ಲ. ನಾಚಿಕೆಯಾಯಿತು. ಬಸ್ಸಿನಲ್ಲಿ ಕಲಬುರಗಿಯವರೆಗೂ ಆ ನಾಚಿಕೆ ಬಿಡಲಿಲ್ಲ.

ಮನೆಗೆ ಬಂದವನೇ ಅಮ್ಮಿಯ ಮಂಚದ ಪಕ್ಕ ಕೂತೆ. "ಅಮ್ಮಿ, ನನಗ ಹಾಲು ಬಕ್ಷಸು," ಎಂದೆ. ಅವಳ ಕಣ್ಣು ಅರೆ ತೆರೆದಿತ್ತು. ಮತ್ತೆ ಕೇಳಿದೆ. ಎಡಗಣ್ಣಿನಿಂದ ಒಂದು ಹನಿ ಇಳಿಯಿತು. ಅಯ್ಯೋ, ಅಮ್ಮಿಗೆ ಕೇಳಿಸಿತು! ಮರುಕ್ಷಣವೇ ನೆನಪಾಯಿತು: ರೆಪ್ಪೆ ಸರಿಯಾಗಿ ಮುಚ್ಚದ ಕಣ್ಣಿನಿಂದ ನೀರು ಹಾಗೆಯೇ ಸುರಿಯುತ್ತದೆ, ಅದು ಅಳುವಲ್ಲ. ಎಷ್ಟು ಚಂದ ಗೊತ್ತಿತ್ತು ನನಗೆ! ಸಿಟ್ಟು ನೆತ್ತಿಗೇರಿತು, ಯಾರ ಮೇಲೆಂದು ಹೇಳಲಾರೆ. ಮಂಚದ ಪಟ್ಟಿ ಹಿಡಿದು ಅಲುಗಾಡಿಸಿದೆ. "ಒಂದ ಮಾತು! ಒಂದ ಮಾತು ಹೇಳಾಕ ಏನಾಗೇದ ನಿನಗ?" ಎಂದು ಒದರಿದೆ.

ಆಪಾ ಅಡಿಗೆಮನೆಯಿಂದ ಓಡಿ ಬಂದು ನನ್ನ ತೋಳು ಹಿಡಿದಳು.

"ಆಕಿ ಅಲ್ಲಿ ಇಲ್ಲಂದ್ರ ಯಾರನ್ನ ಕೇಳಾಕತ್ತಿ? ಅದಾಳಂದ್ರ, ತಾಯಿ ಮುಂದ ಹಿಂಗ ಒದರತಾರೇನು?"

ನನ್ನ ದನಿ ತಾನಾಗಿ ತಗ್ಗಿತು. ಒದರಿದ್ದಕ್ಕೆ ಅಮ್ಮಿಯ ಹತ್ತಿರ ಮಾಫಿ ಕೇಳಿದೆ. ಯಾರೂ ಇಲ್ಲದ ಕಡೆ ಮನುಷ್ಯ ದನಿ ತಗ್ಗಿಸುವುದಿಲ್ಲ ಎಂದು ಆಮೇಲೆ ಎಷ್ಟೋ ಸಲ ಅನ್ನಿಸಿದೆ. ಅದು ಪುರಾವೆಯಲ್ಲ, ಅದೂ ನನಗೆ ಗೊತ್ತು.

ಅಮ್ಮಿ ಇನ್ನೂ ಆರು ದಿನ ಇದ್ದಳು. ದಿನಾ ಬೆಳಿಗ್ಗೆ ಮೆಲ್ಲಗೆ ಕೇಳುತ್ತಿದ್ದೆ, ಒಬ್ಬರು ಉತ್ತರ ಕೊಡಲು ಬೇಕಾಗುವಷ್ಟು ಹೊತ್ತು ಕಾಯುತ್ತಿದ್ದೆ. ಅವಳು ಹಾಲು ಬಕ್ಷಿಸದೆಯೇ ಹೋದಳು. ನನ್ನ ಮಾತು ಅವಳನ್ನು ಮುಟ್ಟಲೇ ಇಲ್ಲವೋ, ಮುಟ್ಟಿಯೂ ಅವಳು ಸುಮ್ಮನಿದ್ದಳೋ ತಿಳಿಯದು. ಎರಡರಲ್ಲಿ ಯಾವುದು ನಿಜವಾಗಿರಲಿ ಎಂದು ಬೇಡಿಕೊಳ್ಳಬೇಕೆಂಬುದೂ ನನಗೆ ತಿಳಿಯದು.